ಸೊನ್ನೆ ಬಂದ್ಳು

(ಹೆಸರು, ಊರು ಮತ್ತು ಗುರುತು ಸಿಗುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.)

ಸುಮಾ ಅಂತ ಕರೆಯೋಣ. ಅವರು ಆಪ್ತ ಸಮಾಲೋಚನೆಗೆಂದು ನನ್ನ ಹತ್ತಿರ ಬಂದದ್ದು ಮಗಳ ವಿಷಯ ಮಾತಾಡಲು. ವಯಸ್ಸು 41, ಸಹಕಾರ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ಮಗಳು ಎಂಟನೇ ಕ್ಲಾಸು. ಗಣಿತದ ಟೆಸ್ಟಿನಲ್ಲಿ 25ಕ್ಕೆ 9 ತಂದಿದ್ದಳು.

‘ಮಕ್ಕಳಿಗೆ ಬೈಯದವರು ಯಾರಿದ್ದಾರೆ ಮೇಡಂ? ಆದ್ರೆ ನಾನು ಏನಂದೆ ಗೊತ್ತಾ? ನಿನ್ನ ತಲೇಲಿ ಬರೀ ಸೊನ್ನೆ ಅಂದೆ. ಅಂದ ತಕ್ಷಣ ನನಗೇ ಕೈಕಾಲು ತಣ್ಣಗಾಯ್ತು.’

ಮಗಳು ಅತ್ತು, ಊಟ ಮಾಡಿ, ಮಲಗಿದಳಂತೆ. ಮರುದಿನ ಮಾಮೂಲಿ. ನಿದ್ದೆ ಬಾರದೆ ಕೂತವರು ಇವರು.

ಎಷ್ಟು ದಿನದಿಂದ ನಿದ್ದೆ ಇಲ್ಲ ಅಂತ ಕೇಳಿದೆ. ಆರು ವಾರ ಅಂದರು. ಬೈದದ್ದು ಮಾತ್ರ ಹದಿನೈದು ದಿನದ ಹಿಂದೆ. ಹಾಗಾದರೆ ಶುರುವಾದದ್ದು ಬೇರೆಲ್ಲೋ ಅಲ್ವಾ?

ಸುಮಾ ಬ್ಯಾಗಿನಿಂದ ಫೋನ್ ತೆಗೆದರು. ‘1999ರ ಬ್ಯಾಚ್’ ಅನ್ನೋ ವಾಟ್ಸಾಪ್ ಗುಂಪು. ಎಸ್ಸೆಸ್ಸೆಲ್ಸಿ ಮುಗಿದು 25 ವರ್ಷ ಆಯಿತೆಂದು ಗುರುವಂದನೆ ಇಟ್ಟುಕೊಂಡಿದ್ದರು. ಹಳೇ ಮೈಸೂರು ಕಡೆ ಈಗ ಇದು ಜೋರು: ಶಾಮಿಯಾನ, ಮೇಷ್ಟ್ರುಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಆಮೇಲೆ ಹೋಳಿಗೆ ಊಟ. ಯಾರೋ ನಂಬರು ಹುಡುಕಿ ಇವರನ್ನೂ ಗುಂಪಿಗೆ ಸೇರಿಸಿದ್ದರು. ಸೇರಿಸಿದ ನಿಮಿಷದಲ್ಲೇ ಬಂದ ಮೊದಲ ಮೆಸೇಜು: ‘ಸೊನ್ನೆ ಬಂದ್ಳು!’ ಅದರ ಕೆಳಗೆ ಸಾಲಾಗಿ ಕಣ್ಣೀರು ಬರುವಂತೆ ನಗುವ ಮುಖಗಳು. ನಾನು ಎಣಿಸಿದೆ. ಹದಿನೇಳು ಇದ್ದವು.

ಎಂಟನೇ ಕ್ಲಾಸಿನ ಮೊದಲ ಟೆಸ್ಟಿನಲ್ಲಿ ಸುಮಾಗೆ ಗಣಿತದಲ್ಲಿ ಸೊನ್ನೆ ಬಂದಿತ್ತು. ಲೆಕ್ಕದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಬೆರಳುಗಳನ್ನು ದುಂಡಗೆ ಮಾಡಿ, ಅದರೊಳಗಿಂದ ಇವರನ್ನು ನೋಡುತ್ತಾ, ‘ಏಯ್, ಸೊನ್ನೆಯೊಳಗೆ ಒಂದು ಹುಡುಗಿ ಕಾಣ್ತಾಳೆ ಕಣ್ರೋ’ ಅಂದರು. ಇಡೀ ಕ್ಲಾಸು ಬೆರಳು ದುಂಡಗೆ ಮಾಡಿ ನೋಡಿತು. ಅಲ್ಲಿಂದ ಮೂರು ವರ್ಷ ಅದೇ ಹೆಸರು. ಬಸ್ ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ, ಒಮ್ಮೆ ಅಪ್ಪನ ಎದುರೇ.

ಇದನ್ನು ಹೇಳುವಾಗ ಸುಮಾ ತಮಗೆ ಗೊತ್ತಿಲ್ಲದೆ ಆ ಬೆರಳಿನ ಸೊನ್ನೆ ಮಾಡಿ ತೋರಿಸಿದರು. ಆಮೇಲೆ ಕೈ ಕೆಳಗಿಟ್ಟು ಸೆರಗಿನಲ್ಲಿ ಮುಚ್ಚಿಕೊಂಡರು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ‘ಮೇಷ್ಟ್ರ ಉದ್ದೇಶ ಕೆಟ್ಟದ್ದಿರಲಿಲ್ಲವೇನೋ, ಆ ಕಾಲ ಹಾಗಿತ್ತು’ ಅಂದುಬಿಟ್ಟೆ. ಸುಮಾ ಸುಮ್ಮನಾದರು. ಉಳಿದ ಇಪ್ಪತ್ತು ನಿಮಿಷ ಹೂಂ, ಉಹೂಂ ಬಿಟ್ಟು ಮಾತಿಲ್ಲ. ಅವರ ಗಂಡನೂ ಅದನ್ನೇ ಹೇಳಿದ್ದರಂತೆ, ‘ಅಷ್ಟು ಹಳೇದನ್ನ ಈಗ್ಯಾಕೆ ಕೆದಕ್ತೀಯ’ ಅಂತ. ಅದನ್ನೇ ಕೇಳೋಕೆ ಯಾರಾದರೂ ಫೀಸು ಕೊಟ್ಟು ಬರ್ತಾರಾ? ಹೊರಡುವ ಮೊದಲು ಕ್ಷಮೆ ಕೇಳಿದೆ. ಮುಂದಿನ ವಾರ ಬರುತ್ತಾರೋ ಇಲ್ಲವೋ ಎಂಬ ಅನುಮಾನ ಇತ್ತು. ಬಂದರು.

ಎರಡನೇ ಸಲ ಬಂದಾಗ ಮೊದಲು ನಿದ್ದೆ, ಊಟ, ಕೆಲಸದಲ್ಲಿ ಗಮನ, ಬದುಕೇ ಬೇಡ ಅನ್ನಿಸಿದೆಯಾ ಎಂದೆಲ್ಲ ವಿಚಾರಿಸಿದೆ. ಇದನ್ನು ಯಾರಿಗೇ ಆದರೂ ಕೇಳಲೇಬೇಕು. ಸಾಯುವ ಯೋಚನೆ ಇರಲಿಲ್ಲ, ಕೆಲಸ ಸರಿಯಾಗಿ ನಡೆಯುತ್ತಿತ್ತು, ರಾತ್ರಿ ಮೂರಕ್ಕೆ ಎಚ್ಚರ ಆಗುವುದೊಂದೇ ತೊಂದರೆ. ಹಾಗಾಗಿ ಮಾನಸಿಕ ವೈದ್ಯರ ಹತ್ತಿರ ಕಳಿಸುವ ಅಗತ್ಯ ಕಾಣಲಿಲ್ಲ. ಆದರೂ ರಾತ್ರಿ ಹೊತ್ತು ತೀರಾ ಕಷ್ಟವಾದರೆ ಇರಲಿ ಎಂದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಗುಂಪನ್ನು ಮ್ಯೂಟ್ ಮಾಡಿ, ರಾತ್ರಿ ಎಂಟರ ಮೇಲೆ ತೆರೆಯಬೇಡಿ ಎಂದೆ. ಬಿಟ್ಟು ಬನ್ನಿ ಎನ್ನಲಿಲ್ಲ. ಬಿಡುವುದು ಅವರು ತೀರ್ಮಾನಿಸಬೇಕಾದದ್ದು.

ಅವತ್ತು ಅವರು ಆಟೋಗ್ರಾಫ್ ಪುಸ್ತಕ ತಂದಿದ್ದರು. ಹತ್ತನೇ ಕ್ಲಾಸಿನ ಸೆಂಡ್ ಆಫ್ ಹೊತ್ತಿಗೆ ಎಲ್ಲರ ಕೈಯಲ್ಲೂ ಇರುತ್ತಿತ್ತಲ್ಲ, ಗುಲಾಬಿ, ಹಳದಿ, ತಿಳಿ ಹಸಿರು ಹಾಳೆಗಳದ್ದು, ಅದೇ. ಒಂದು ಪುಟದಲ್ಲಿ ಒಣಗಿದ ನವಿಲುಗರಿಯ ಎಳೆ. ಇನ್ನೊಂದರಲ್ಲಿ ‘ಹೂವಿಗೆ ಪರಿಮಳ, ನಿನಗೆ ನಿನ್ನ ನಗು’ ಅಂತ ನೀಲಿ ಸ್ಕೆಚ್ ಪೆನ್ನಿನಲ್ಲಿ. ಪುಟ ತಿರುಗಿಸುತ್ತಾ ಅವರ ಮುಖವೇ ಬದಲಾಯಿತು. ಪ್ರೇಯರಿನಲ್ಲಿ ದಿನಾ ಪೇಪರ್ ಓದುತ್ತಿದ್ದವರು ಇವರೇ. ಕನ್ನಡ ಮೇಷ್ಟ್ರು ‘ನಿನ್ನ ಗಂಟಲು ಆಕಾಶವಾಣಿಗೆ ಸರಿ’ ಅನ್ನುತ್ತಿದ್ದರು. ಥ್ರೋಬಾಲ್ ತಂಡ ಹೋಬಳಿ ಮಟ್ಟ ಗೆದ್ದು ತಾಲ್ಲೂಕಿಗೆ ಹೋಗಿತ್ತು. ಲಾರಿಯಲ್ಲಿ ನಿಂತು ಹಾಡುತ್ತಾ ಹೋದದ್ದು, ಬರುವಾಗ ಸೋತು ಬಂದರೂ ಅದೇ ಹಾಡು. ಗೆಳತಿಯ ಡಬ್ಬಿಯ ಅವರೆಕಾಳು ಉಪ್ಪಿಟ್ಟು. ಇಪ್ಪತ್ತು ನಿಮಿಷ ನಾನು ಮಾತೇ ಆಡಲಿಲ್ಲ.

‘ನನಗೆ ಅರ್ಥವಾಗದೇ ಇರೋದು ಇದೇ ಮೇಡಂ. ಆ ವರ್ಷಗಳು ಚೆನ್ನಾಗಿದ್ವಾ, ಕೆಟ್ಟದಾಗಿದ್ವಾ?’

ನಲವತ್ತು ದಾಟಿದವರು ಹೈಸ್ಕೂಲಿಗೆ ಹಿಂದಿರುಗುವುದು ಸುಮ್ಮನೆ ಅಲ್ಲ. ಸುಮಾರು 10ರಿಂದ 30 ವರ್ಷ ವಯಸ್ಸಿನ ನಡುವಿನ ನೆನಪುಗಳು ಆಮೇಲಿನ ಬದುಕಿನಲ್ಲಿ ಉಳಿದವಕ್ಕಿಂತ ಜಾಸ್ತಿ ಬರುತ್ತವೆ ಎಂದು ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಸಲ ಗೆದ್ದದ್ದು, ಮೊದಲ ಸಲ ಮುಖ ಮುರಿದದ್ದು, ಎಲ್ಲ ಆಗಲೇ ಅಲ್ವಾ? ಅಲ್ಲಿಂದ ಲಾರಿಯ ಹಾಡೂ ಬರುತ್ತದೆ, ಬೆರಳಿನ ಸೊನ್ನೆಯೂ ಬರುತ್ತದೆ. ಆದರೆ ನಾವು ಲೆಕ್ಕ ಹಾಕಲು ಹೋಗುತ್ತೇವೆ, ಸಂತೋಷದಿಂದ ಅವಮಾನ ಕಳೆದರೆ ಉಳಿದದ್ದೆಷ್ಟು ಅಂತ. ಈ ಕಳೆಯುವ ಲೆಕ್ಕ ಬೇಡ, ಎರಡು ಬೇರೆ ಬೇರೆ ಪಾಸ್‌ಬುಕ್ ಇಟ್ಟುಕೊಳ್ಳಿ ಎಂದೆ. ಕ್ಯಾಷಿಯರ್ ಅಲ್ವಾ, ಸ್ವಲ್ಪ ನಕ್ಕರು.

ಒಂದು ಮನೆಗೆಲಸ ಕೊಟ್ಟೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದ ರೀತಿ: ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸಿಗೆ ನೋವು ಕೊಟ್ಟದ್ದನ್ನು ನಿಲ್ಲಿಸದೆ ಬರೆಯುವುದು. ಕಾಗುಣಿತ ನೋಡಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ. ಬರೆದ ಮೊದಲ ದಿನಗಳಲ್ಲಿ ಮನಸ್ಸು ಇನ್ನಷ್ಟು ಭಾರವಾಗಬಹುದು ಎಂದು ಮೊದಲೇ ಹೇಳಿದ್ದೆ. ಇದು ಎಲ್ಲರಿಗೂ ಆಗಿಬರುವ ಮದ್ದೇನಲ್ಲ. ಸಹಿಸಲಾಗದಿದ್ದರೆ ಪೆನ್ನು ಕೆಳಗಿಡಿ ಎಂದೂ ಹೇಳಿದ್ದೆ.

ಮೂರನೇ ಭೇಟಿಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು. ‘ನಾಲ್ಕನೇ ದಿನ ಮೇಷ್ಟ್ರ ಬಗ್ಗೆ ಬರೀಲಿಲ್ಲ.’

ಬರೆದದ್ದು ಗೌರಿಯ ಬಗ್ಗೆ. (ಇದೂ ನಾನಿಟ್ಟ ಹೆಸರು.) ಒಂಬತ್ತನೇ ಕ್ಲಾಸು, ಶನಿವಾರ. ಶನಿವಾರ ಬಿಳಿ ಯೂನಿಫಾರ್ಮ್, ಬೆಳಗ್ಗೆ ಮಾಸ್ ಡ್ರಿಲ್. ಬಗ್ಗಿ ಕಾಲು ಮುಟ್ಟುವಾಗ ಗೌರಿಯ ಬಿಳಿ ಲಂಗದ ಹಿಂದೆ ಕಲೆ. ಹಿಂದಿನ ಸಾಲಿನ ಹುಡುಗರು ನಕ್ಕರು. ಆ ಶಾಲೆಯಲ್ಲಿ ಹುಡುಗಿಯರಿಗೆ ಬಾಗಿಲಿರುವ ಒಂದು ಶೌಚಾಲಯ ಕೂಡ ಇರಲಿಲ್ಲ. ಶಾಲೆಯಲ್ಲಿ ಪ್ಯಾಡ್ ಕೊಡುವ ಸರ್ಕಾರದ ‘ಶುಚಿ’ ಯೋಜನೆ ಬಂದದ್ದು ಇದಕ್ಕೆಲ್ಲ ಬಹಳ ವರ್ಷಗಳ ಮೇಲೆ. ಗೌರಿ ಬ್ಯಾಗನ್ನು ಹಿಂದಕ್ಕೆ ಹಿಡಿದುಕೊಂಡು ಗೇಟು ದಾಟಿ ಹೋದಳು. ಸೋಮವಾರ ಬರಲಿಲ್ಲ. ಮತ್ತೆ ಬರಲೇ ಇಲ್ಲ.

‘ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನು ಮೇಡಂ. ಯಾಕೆ ಗೊತ್ತಾ? ಅವತ್ತು ನನ್ನ ನೋಡಿ ನಗ್ತಾ ಇರ್ಲಿಲ್ಲ.’

ಆಟೋಗ್ರಾಫ್ ಪುಸ್ತಕದಲ್ಲಿ ಗೌರಿಯ ಪುಟ ಇರಲಿಲ್ಲ. ಇರುವ ಹಾಗೂ ಇರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಇದ್ದಳು. ಯಾರೋ ಅವಳನ್ನೂ ಹುಡುಕಿ ಸೇರಿಸಿದ್ದರು. ‘ಎಲ್ಲರಿಗೂ ನಮಸ್ಕಾರ’ ಅಂತ ಒಂದೇ ಮೆಸೇಜು ಹಾಕಿ ಸುಮ್ಮನಿದ್ದಳು. ರಾತ್ರಿ ಮೂರರ ಎಚ್ಚರಕ್ಕೆ ‘ಸೊನ್ನೆ’ಗಿಂತ ಈ ನಮಸ್ಕಾರವೇ ಹೆಚ್ಚು ಕಾರಣ ಎಂದು ನನಗೆ ಆಗ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ನನ್ನ ಅನುಭವದಲ್ಲಿ ಇದು ಅಪರೂಪವೇನಲ್ಲ. ಶಾಲೆಯ ನೋವು ಹೇಳಿಕೊಳ್ಳಲು ಬಂದವರು ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ ತಾವು ಕೊಟ್ಟ ನೋವಿನ ಹತ್ತಿರ ಬರುತ್ತಾರೆ. ಮೊದಲ ದಿನವೇ ಅದನ್ನು ಕೆದಕಿ ತೆಗೆಯಲು ಹೋದರೆ ಓಡಿಹೋಗುತ್ತಾರೆ.

ಮುಂದೆ ಕೊಟ್ಟ ಸಲಹೆಗಳನ್ನು ಹೇಳುತ್ತೇನೆ.

ಹೆಸರಿನ ವಿಷಯ ಸುಲಭವಿತ್ತು. ಗುಂಪಿಗೆ ಹಾಕುವ ಮೆಸೇಜನ್ನು ಇಬ್ಬರೂ ಕೂತು ಬರೆದೆವು. ಅವರ ಮೊದಲ ಕರಡು ಒಂದೂವರೆ ಪುಟ. ಅದರಲ್ಲಿ ನಾಲ್ಕು ಸಲ ‘ತಪ್ಪು ತಿಳ್ಕೋಬೇಡಿ’ ಇತ್ತು. ಉಳಿದದ್ದು ಇಷ್ಟು: ‘ನನ್ನ ಹೆಸರು ಸುಮಾ. ಆ ಇನ್ನೊಂದು ಹೆಸರು ನನಗೆ ಆಗಲೂ ಇಷ್ಟ ಇರಲಿಲ್ಲ, ಈಗಲೂ ಇಲ್ಲ. ಇನ್ನು ಮುಂದೆ ಹಾಗೆ ಕರೆಯಬೇಡಿ.’ ನಗುವ ಮುಖ ಹಾಕಬೇಡಿ ಎಂದೆ. ಹಾಕಿದರೆ ಮಾತು ಹಗುರಾಗುತ್ತದೆ. ಮೆಸೇಜು ಹೋದ ಮೇಲೆ ಗುಂಪು ಅರ್ಧ ದಿನ ಸ್ತಬ್ಧ. ಆಮೇಲೆ ಒಬ್ಬ ‘ಸಾರಿ ಕಣಮ್ಮ’ ಅಂದ. ಇನ್ನೊಬ್ಬ ‘ಜೋಕು ಅರ್ಥ ಆಗಲ್ವಾ’ ಅಂದ. ಇಬ್ಬರಿಗೂ ಇವರು ಉತ್ತರಿಸಲಿಲ್ಲ.

ಮೇಷ್ಟ್ರದ್ದು ಸಿಕ್ಕು. ಅವರಿಗೆ ಈಗ ಎಂಬತ್ತರ ಹತ್ತಿರ. ಕಾರ್ಯಕ್ರಮದಲ್ಲಿ ಅವರಿಗೆ ಶಾಲು ಹೊದಿಸುವ ಪಟ್ಟಿಯಲ್ಲಿ ಸುಮಾ ಹೆಸರು ಹಾಕಿದ್ದರು. ಅದೂ ತಮಾಷೆಗೇ ಇರಬೇಕು. ಇಲ್ಲಿ ಇನ್ನೊಂದು ಸಂಗತಿ ಇದೆ. ಹತ್ತನೇ ಕ್ಲಾಸಿನ ಜನವರಿಯಿಂದ ಅದೇ ಮೇಷ್ಟ್ರು ಬೆಳಗ್ಗೆ ಆರಕ್ಕೆ ಮಂಜಿನಲ್ಲಿ ಸೈಕಲ್ ತುಳಿದು ಬಂದು, ಒಂದು ಪೈಸೆ ತೆಗೆದುಕೊಳ್ಳದೆ ಸ್ಪೆಷಲ್ ಕ್ಲಾಸು ಮಾಡಿದ್ದರು. ಥೇಲ್ಸನ ಪ್ರಮೇಯ, ವೃತ್ತಕ್ಕೆ ಸ್ಪರ್ಶಕ ಎಳೆಯುವುದು, ಗ್ರಾಫು, ಇಷ್ಟನ್ನು ಅರೆದು ಕುಡಿಸಿದರು. ಪಾಸಿಗೆ 35 ಬೇಕಿತ್ತು, ಸುಮಾಗೆ 38 ಬಂತು. ಆ ಮೂರು ಮಾರ್ಕಿನ ಮೇಲೆಯೇ ಪಿಯುಸಿ, ಬಿಕಾಂ, ಈ ಕೆಲಸ ಎಲ್ಲ ನಿಂತಿವೆ ಎಂದು ಅವರೇ ಹೇಳಿದರು.

‘ಹಾಗಿದ್ರೆ ನಾನು ಅವರನ್ನ ಕ್ಷಮಿಸಲೇಬೇಕಾ?’

ಬೇಕಿಲ್ಲ ಎಂದೆ. ಸ್ಪೆಷಲ್ ಕ್ಲಾಸಿಗೆ ಕೃತಜ್ಞತೆ ಇಟ್ಟುಕೊಳ್ಳಿ. ಬೆಂಚಿನ ಮೇಲೆ ನಿಲ್ಲಿಸಿದ್ದು ತಪ್ಪೇ. ಇವತ್ತು ಆ ವಯಸ್ಸಿನ ಮಗುವಿಗೆ ಹಾಗೆ ಮಾಡಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅಡ್ಡ ಬರುತ್ತದೆ. ಅದು ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆಗ ಆ ಕಾನೂನು ಇರಲಿಲ್ಲ, ಆದರೆ ನೋವು ಇತ್ತು. ಶಾಲು ಹೊದಿಸಲು ಮನಸ್ಸಿಲ್ಲದಿದ್ದರೆ ಬೇರೆಯವರ ಹೆಸರು ಹಾಕಿ ಎಂದು ಒಂದು ಫೋನು ಮಾಡಿ ಸಾಕು, ಕಾರಣ ಕೊಡಬೇಕಿಲ್ಲ. ವೇದಿಕೆಯ ಮೇಲೆ ಮೈಕ್ ಹಿಡಿದು ಹಳೇ ಲೆಕ್ಕ ಚುಕ್ತಾ ಮಾಡುವುದು ಬೇಡ ಎಂದೂ ಹೇಳಿದೆ. ಅದು ಅವರಿಗೇ ಆಮೇಲೆ ರಾತ್ರಿ ಮೂರರ ಇನ್ನೊಂದು ಎಚ್ಚರ ತರುತ್ತದೆ ಅನ್ನಿಸಿತು.

ಗೌರಿಯ ವಿಷಯಕ್ಕೆ ಎರಡು ಭೇಟಿ ಹಿಡಿಯಿತು. ಸುಮಾಗೆ ಅವತ್ತೇ ಫೋನ್ ಮಾಡಿ ಅತ್ತುಬಿಡುವ ಆತುರ. ತಡೆಯಿರಿ ಎಂದೆ. ಕ್ಷಮೆ ಕೇಳಿದರೆ ನಿಮ್ಮ ಮನಸ್ಸು ಹಗುರಾಗುತ್ತದೆ. ಆದರೆ ಅವರು ಎಲ್ಲೋ ಅಡುಗೆಮನೆಯಲ್ಲಿ ನಿಂತಿರುವಾಗ ಇಪ್ಪತ್ತಾರು ವರ್ಷ ಹಿಂದಿನ ಆ ಬಿಳಿ ಲಂಗವನ್ನು ನೀವು ಅವರ ಕೈಗೆ ಕೊಟ್ಟು ಬಿಟ್ಟು ಬಂದರೆ? ಮೊದಲು ಮಾತಾಡಬಹುದಾ ಎಂದಷ್ಟೇ ಕೇಳಿ. ಗುಂಪಿನಲ್ಲಿ ಬೇಡ, ಬೇರೆಯಾಗಿ. ಅವರು ಬೇಡ ಅಂದರೆ ಅಲ್ಲಿಗೆ ಬಿಡಿ. ಮಾತಾಡಿದರೆ, ನಾನೂ ಚಿಕ್ಕವಳಿದ್ದೆ, ನನಗೂ ಎಲ್ಲರೂ ನಗ್ತಿದ್ರು ಅನ್ನೋದೆಲ್ಲ ಸೇರಿಸಬೇಡಿ. ಅದು ನಿಜವೇ ಆದರೂ ಅದನ್ನು ಹೇಳಿಕೊಳ್ಳುವ ಜಾಗ ಇದು, ಅಲ್ಲಿ ಅಲ್ಲ. ಕ್ಷಮಿಸಿದ್ದೀನಿ ಅಂತ ಹೇಳು ಎಂದು ಕಾಡಬೇಡಿ.

ಮಗಳ ಹತ್ತಿರ ಮಾತ್ರ ತಡ ಮಾಡಬೇಡಿ ಎಂದಿದ್ದೆ. ಸುಮಾ ಅವಳಿಗೆ ಎಲ್ಲ ಹೇಳಿದರಂತೆ, ಬೆರಳಿನ ಸೊನ್ನೆಯನ್ನೂ ಮಾಡಿ ತೋರಿಸಿದರಂತೆ. ಮಗಳು ಅದನ್ನೇ ನೋಡುತ್ತಾ, ‘ಅಮ್ಮ, ನೀನು ಸೊನ್ನೇನಾ? ನಂದು ಒಂಬತ್ತು!’ ಅಂದಳಂತೆ. ಹೇಳುತ್ತಾ ಸುಮಾ ನಕ್ಕದ್ದು ನೋಡಿ ನನಗೆ ಫೀಸು ವಾಪಸ್ ಕೊಡೋಣ ಅನ್ನಿಸಿತು. ಕೊಡಲಿಲ್ಲ.

ಕಾರ್ಯಕ್ರಮಕ್ಕೆ ಹೋಗಿದ್ದರು. ಮೂರನೇ ಸಾಲಿನಲ್ಲಿ ಕೂತಿದ್ದು, ಊಟ ಮಾಡಿ, ಥ್ರೋಬಾಲ್ ಗೆಳತಿಯರ ಜೊತೆ ಫೋಟೋ ತೆಗೆಸಿಕೊಂಡು ಬಂದರು. ಮೇಷ್ಟ್ರು ಗುರುತು ಹಿಡಿಯಲಿಲ್ಲ. ಇವರೂ ಹತ್ತಿರ ಹೋಗಿ ಪರಿಚಯ ಹೇಳಲಿಲ್ಲ. ಗೌರಿ ಬಂದಿರಲಿಲ್ಲ.

ಗೌರಿಗೆ ಕಳಿಸಿದ ಮೆಸೇಜಿಗೆ ಹನ್ನೊಂದು ದಿನ ಉತ್ತರವಿರಲಿಲ್ಲ. ಹನ್ನೆರಡನೇ ದಿನ ಬಂತು. ‘ಫೋನಲ್ಲಿ ಬೇಡ. ಊರಿಗೆ ಬಂದಾಗ ಮನೆಗೆ ಬಾ.’

ಎರಡು ತಿಂಗಳ ಮೇಲೆ ನಾನೇ ಫೋನ್ ಮಾಡಿ ವಿಚಾರಿಸಿದೆ. ನಿದ್ದೆ ಈಗ ಪರವಾಗಿಲ್ಲ, ವಾರಕ್ಕೆ ಒಂದೆರಡು ದಿನ ಎಚ್ಚರ ಆಗುತ್ತೆ ಅಂದರು. ಗೌರಿ ಮನೆಗೆ ಹೋದಿರಾ ಎಂದೆ.

‘ಇನ್ನೂ ಇಲ್ಲ ಮೇಡಂ. ದಸರಾ ರಜೇಲಿ ಹೋಗ್ಬೇಕು. ಏನು ತಗೊಂಡು ಹೋಗ್ಲಿ ಅಂತಾನೇ ಗೊತ್ತಾಗ್ತಿಲ್ಲ.’