ಲಸಿಕೆ ಹಾಕಿಸಿದ ದನವೂ ಕಾಡೆಮ್ಮೆ ಓಡಾಡುವ ಕಡೆ ಮೇಯ್ದರೆ ಸಾಯುವುದೇಕೆ?

ಈ ಪ್ರಶ್ನೆ ಪೂರ್ವ ಆಫ್ರಿಕಾದಲ್ಲಿ ದನಗಳನ್ನು ಕೊಲ್ಲುವ ಈಸ್ಟ್ ಕೋಸ್ಟ್ ಜ್ವರ ಎಂಬ ರೋಗದ್ದು. ಇದಕ್ಕೆ ಕಾರಣ ಥೈಲೇರಿಯಾ ಪಾರ್ವಾ ಎಂಬ ಏಕಕೋಶ ಪರಾವಲಂಬಿ. ಅಲ್ಲಿನ ಕಾಡೆಮ್ಮೆಯೇ ಇದರ ಮೂಲ ಆಶ್ರಯ. ಕಾಡೆಮ್ಮೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ರಕ್ತ ಹೀರುವ ಉಣ್ಣೆ ಹುಳು ಕಚ್ಚಿ ಪರಾವಲಂಬಿ ದನದ ಮೈ ಸೇರಿದರೆ ಮಾತ್ರ ಕಿವಿಯ ಬುಡದ ಗ್ರಂಥಿ ಊದುತ್ತದೆ, ಜ್ವರ ಏರುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಮೂಗಿನಲ್ಲಿ ನೊರೆ ಬರುತ್ತದೆ.

ಪರಾವಲಂಬಿ ಬಿಳಿ ರಕ್ತಕಣದೊಳಗೆ ಹೊಕ್ಕು, ಆ ಕಣ ಕ್ಯಾನ್ಸರ್ ಕೋಶದಂತೆ ಒಡೆದು ಹೆಚ್ಚುವಂತೆ ಮಾಡುತ್ತದೆ. ಕಣ ಇಬ್ಭಾಗವಾಗುವಾಗ ತಾನೂ ಜೊತೆಗೇ ಹಂಚಿಕೊಳ್ಳುತ್ತದೆ. ಹೀಗೆ ಒಳಗೇ ಅಡಗಿರುವುದರಿಂದ ಪ್ರತಿಕಾಯಗಳು ಅದನ್ನು ಮುಟ್ಟಲಾರವು. ಸೋಂಕಿತ ಕಣಗಳನ್ನೇ ಕೊಲ್ಲುವ ಟಿ ಕೋಶಗಳೆಂಬ ರಕ್ಷಣಾ ಕಣಗಳೇ ಬರಬೇಕು. ಅವು ಸೋಂಕಿತ ಕಣದ ಮೇಲ್ಮೈಯಲ್ಲಿ ಕಾಣುವ ಪ್ರೋಟೀನ್ ತುಣುಕುಗಳನ್ನು ಗುರುತಿಸುತ್ತವೆ. ತುಣುಕಿನ ಒಂದೆರಡು ಅಮೈನೋ ಆಮ್ಲ ಬದಲಾದರೂ ಗುರುತು ತಪ್ಪಬಹುದು. ಪರಾವಲಂಬಿಯ ಟಿಪಿ1, ಟಿಪಿ2 ಎಂಬ ಪ್ರೋಟೀನುಗಳಲ್ಲಿ ಈ ವ್ಯತ್ಯಾಸ ದನಗಳಲ್ಲಿ ಸುತ್ತುವ ಪರಾವಲಂಬಿ ತಳಿಗಳಿಗಿಂತ ಕಾಡೆಮ್ಮೆಯಲ್ಲಿರುವ ತಳಿಗಳಲ್ಲಿ ಬಹಳ ಹೆಚ್ಚು.

ಇಷ್ಟು ವೈವಿಧ್ಯ ಎಲ್ಲಿಂದ? ಒಂದೇ ಕಾಡೆಮ್ಮೆಯಲ್ಲಿ ಹಲವು ತಳಿಗಳು ವರ್ಷಗಟ್ಟಲೆ ಉಳಿಯುತ್ತವೆ. ಉಣ್ಣೆಯ ಹೊಟ್ಟೆಯಲ್ಲಿ ಅವು ಕೂಡಿ ವಂಶವಾಹಿಗಳು ಕಲೆಯುತ್ತವೆ. ಕಾಡೆಮ್ಮೆಯಿಂದ ಬಂದ ಸೋಂಕು ದನವನ್ನು ಬೇಗ ಕೊಲ್ಲುತ್ತದೆ, ಉಣ್ಣೆಗೆ ದಾಟಬಲ್ಲ ಹಂತ ಕೆಂಪು ರಕ್ತಕಣಗಳಲ್ಲಿ ಮೂಡುವುದೇ ಅಪರೂಪ. ಹಾಗಾಗಿ ದನಗಳಲ್ಲಿ ನೆಲೆನಿಂತದ್ದು ಆ ದೊಡ್ಡ ಸಂತತಿಯ ಒಂದು ಸಣ್ಣ ಪಾಲಷ್ಟೇ.

ಕೀನ್ಯಾದ ಮುಗುಗಾದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಲಸಿಕೆಯಲ್ಲಿ ಮೂರು ಜೀವಂತ ತಳಿಗಳಿವೆ. ಜೊತೆಗೆ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಚುಚ್ಚುತ್ತಾರೆ. ದನದಿಂದ ದನಕ್ಕೆ ಹರಡುವ ರೋಗವನ್ನು ಇದು ಚೆನ್ನಾಗಿಯೇ ತಡೆಯುತ್ತದೆ, ಅದನ್ನು ಹಗುರವಾಗಿ ಕಾಣಬಾರದು. ಮೂರರಲ್ಲಿ ಒಂದು ತಳಿ ಕಾಡೆಮ್ಮೆ ಮೂಲದ್ದೇ ಆದರೂ, ಲಸಿಕೆಯಿಂದ ತಯಾರಾದ ಟಿ ಕೋಶಗಳು ಕಾಡೆಮ್ಮೆಯ ಅಷ್ಟೊಂದು ಬಗೆಯ ತಳಿಗಳನ್ನು ಗುರುತಿಸದೆ ಹೋಗಬಹುದು; ಹಾಗಾಗಿ ಕಾಡೆಮ್ಮೆಗಳೊಡನೆ ಹುಲ್ಲುಗಾವಲು ಹಂಚಿಕೊಳ್ಳುವ ಕಡೆ ಲಸಿಕೆಯೊಂದನ್ನೇ ನಂಬುವಂತಿಲ್ಲ. ಅಲ್ಲಿ ಉಣ್ಣೆ ಔಷಧಿ ತಪ್ಪದೆ ಹಾಕಬೇಕು, ಆದಷ್ಟು ಬೇರೆ ಕಡೆ ಮೇಯಿಸಬೇಕು.