ಓದುಗರ ಪ್ರಶ್ನೆಗೆ ಉತ್ತರ: ಕರೋಕೆ ಕೂಟದಲ್ಲಿ ಹಾಡುವವರು, ಕೇಳುವವರು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಕರೋಕೆ (ಟ್ರ್ಯಾಕ್ ಎಂಬ ಸಿದ್ಧ ಹಿನ್ನೆಲೆ ಸಂಗೀತಕ್ಕೆ ದನಿ ಸೇರಿಸಿ ಹಾಡುವ) ಕೂಟಗಳ ಕುರಿತಾಗಿಯೇ ಇದ್ದುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಕದ್ರಿಯ ನಮ್ಮ ವಸತಿ ಸಮುಚ್ಚಯದಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ 14 ಮಂದಿ ಸೇರಿ ಕರೋಕೆ ಹಾಡುತ್ತೇವೆ. ನಮ್ಮಲ್ಲಿ ಹಿರಿಯರಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಕಂಠ ಚೆನ್ನಾಗಿದೆ. ಸ್ಪೀಕರ್, ಮಿಕ್ಸರ್, ಮೈಕ್ ಎಲ್ಲವೂ ಅವರದೇ. ಆದರೆ ಅವರು ಆರಂಭದಲ್ಲಿಯೇ ಮೂರು ಹಾಡು ಹಾಡುತ್ತಾರೆ. ಬೇರೊಬ್ಬರು ಟ್ರ್ಯಾಕ್ ಹುಡುಕುತ್ತಿರುವಾಗ ‘ಅಷ್ಟರಲ್ಲಿ ಒಂದು ಮುಗಿಸುತ್ತೇನೆ’ ಎಂದು ಮತ್ತೊಂದನ್ನು ಎತ್ತಿಕೊಳ್ಳುತ್ತಾರೆ. ಹೊಸಬರಿಗೆ ಹೊತ್ತೇ ಉಳಿಯುವುದಿಲ್ಲ. ಅವರ ಮನಸ್ಸು ನೋಯದಂತೆ ಹೇಳುವುದು ಹೇಗೆ? – ಓದುಗರೊಬ್ಬರು, ಮಂಗಳೂರು

ಉತ್ತರ: ಮೊದಲು ಲೆಕ್ಕ ಹಾಕೋಣ. ಚಿತ್ರಗೀತೆಯೊಂದಕ್ಕೆ ಸಾಮಾನ್ಯವಾಗಿ ನಾಲ್ಕೈದು ನಿಮಿಷ ಬೇಕು. ಟ್ರ್ಯಾಕ್ ಹುಡುಕಿ, ಮೈಕ್ ಕೈಯಿಂದ ಕೈಗೆ ಹೋಗಿ, ನಾಲ್ಕು ಮಾತಾಡಿ ಮುಗಿಯುವಾಗ ಆರು ನಿಮಿಷವಾದರೂ ಆಗುತ್ತದೆ. ನಿಮ್ಮ ಕೂಟ ಎರಡೂವರೆ ಗಂಟೆ ನಡೆಯುತ್ತದೆ ಎಂದಿಟ್ಟುಕೊಂಡರೆ ಅದರಲ್ಲಿ ಹಿಡಿಸುವುದು 25 ಹಾಡು, ಅಂದರೆ 14 ಮಂದಿಗೆ ತಲಾ ಎರಡು ಕೂಡ ಇಲ್ಲ. ಒಬ್ಬರೇ ಐದು ಹಾಡಿದರೆ ಆ ಐದರಲ್ಲಿ ಮೂರು ಇನ್ನಾರದೋ ಪಾಲಿನವು. ಈ ಲೆಕ್ಕವನ್ನು ಯಾರೂ ಮಾಡಿ ನೋಡದಿರುವುದರಿಂದಲೇ ಹೆಚ್ಚಿನ ಕೂಟಗಳಲ್ಲಿ ಮನಸ್ತಾಪ ಹುಟ್ಟುತ್ತದೆ. ಹಾಡುವವರಿಗೆ ತಾವು ಸಮಯ ತಿನ್ನುತ್ತಿದ್ದೇವೆ ಎಂಬ ಅರಿವೇ ಇರುವುದಿಲ್ಲ, ಸುಮ್ಮನಿರುವವರಿಗೆ ತಮ್ಮದು ಸಣ್ಣತನವಾದೀತೇ ಎಂಬ ಸಂಕೋಚ.

ನಾಲ್ವರು ಒಟ್ಟಾಗಿ ಅವರ ಮನೆಗೆ ಹೋಗಿ ‘ವಿಷಯ ಹೀಗೆ’ ಎಂದು ಮಂಡಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಅದು ಹಾಡಿನ ಕೂಟವನ್ನು ಪಂಚಾಯಿತಿಕೆಯನ್ನಾಗಿ ಮಾಡುತ್ತದೆ. ಅದರ ಬದಲಿಗೆ ಒಂದು ಹಾಳೆ, ಒಂದು ಪೆನ್ನು ಸಾಕು. ಬಂದವರು ಬಂದ ಕ್ರಮದಲ್ಲಿ ಹೆಸರು ಬರೆಯಲಿ, ಎಲ್ಲರದ್ದೂ ಒಂದು ಸುತ್ತು ಮುಗಿಯದೆ ಎರಡನೆಯ ಸುತ್ತು ಆರಂಭವಾಗದಿರಲಿ, ತನ್ನ ಸರದಿ ಬರುವ ಮೊದಲೇ ಟ್ರ್ಯಾಕನ್ನು ಹುಡುಕಿಟ್ಟುಕೊಳ್ಳುವುದು ಪ್ರತಿಯೊಬ್ಬರ ಹೊಣೆಯಾಗಿರಲಿ. ‘ಅಷ್ಟರಲ್ಲಿ ಒಂದು’ ಎಂಬ ಮಾತಿಗೆ ಅವಕಾಶ ಕೊಟ್ಟದ್ದು ಟ್ರ್ಯಾಕ್ ಸಿದ್ಧವಿಲ್ಲದೆ ಬಂದವರೇ ಎಂಬುದನ್ನು ಮರೆಯಬಾರದು. ಆ ಪಟ್ಟಿಯನ್ನು ಹಿರಿಯರ ಕೈಗೇ ಕೊಡಿ. ‘ಸರ್, ಮುಂದಿನ ಸಲ ಪಟ್ಟಿ ನೀವೇ ಹಿಡಿಯಬೇಕು, ಹೊಸಬರನ್ನು ನೀವು ಹೆಸರು ಹಿಡಿದು ಕರೆದರೆ ಅವರಿಗೂ ಧೈರ್ಯ ಬರುತ್ತದೆ’ ಎಂದು ಕೇಳಿಕೊಂಡರೆ ಅದು ಅವರಿಗೆ ಸಲ್ಲುವ ಮರ್ಯಾದೆಯೂ ಹೌದು. ಹೆಸರು ಕರೆಯುವವರಿಗೆ ತಮ್ಮ ಹೆಸರನ್ನೇ ಮತ್ತೆ ಮತ್ತೆ ಕರೆದುಕೊಳ್ಳಲು ನಾಲಿಗೆ ಏಳುವುದಿಲ್ಲ. ಅದರಲ್ಲೂ ವರ್ಷಗಟ್ಟಲೆ ಕೌಂಟರಿನ ಮುಂದೆ ಸರದಿಯ ಸಾಲನ್ನು ಕಂಡವರಿಗೆ.

ಇನ್ನೊಂದು ಮಾತನ್ನೂ ಹೇಳಬೇಕು. ಸ್ಪೀಕರ್ ಅವರದ್ದಾದ ಮಾತ್ರಕ್ಕೆ ಸಂಜೆಯೂ ಅವರದ್ದಾಗುವುದಿಲ್ಲ, ನಿಜ. ಆದರೆ ಉಳಿದ 13 ಮಂದಿ ಬಂದು ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ ಆ ಸ್ಪೀಕರನ್ನು ಲಿಫ್ಟಿನಲ್ಲಿ ಇಳಿಸಿ, ವಯರು ಜೋಡಿಸಿ, ಪರೀಕ್ಷಿಸಿ ಇಟ್ಟವರು ಯಾರು? ಮುಗಿದ ಮೇಲೆ ವಯರು ಸುತ್ತಿಡಲು ಯಾರು ನಿಲ್ಲುತ್ತಾರೆ? ಈ ಕೆಲಸವನ್ನು ಇಬ್ಬರು ಕಿರಿಯರು ವಹಿಸಿಕೊಂಡರೆ, ಮೈಕ್ ಕೆಟ್ಟಾಗ ಖರ್ಚನ್ನು ಎಲ್ಲರೂ ಹಂಚಿಕೊಂಡರೆ, ಸಾಮಾನು ತಂದವರಿಗೆ ಹೆಚ್ಚು ಹಾಡುವ ಹಕ್ಕಿದೆ ಎಂಬ ಮಾತಿಲ್ಲದ ಒಪ್ಪಂದ ತಾನಾಗಿ ಸಡಿಲಗೊಳ್ಳುತ್ತದೆ.

ಆದರೆ ನನ್ನ ಅಭಿಪ್ರಾಯದಲ್ಲಿ ಕರೋಕೆಯ ಸಭ್ಯತೆಯಲ್ಲಿ ಮೈಕಿನ ಪಾಲು ಸಣ್ಣದು. ಮೇಲಿನ ಲೆಕ್ಕದ ಪ್ರಕಾರ ಒಬ್ಬೊಬ್ಬರು ಹಾಡುವುದು ಹತ್ತು ನಿಮಿಷ; ಉಳಿದ ಎರಡು ಗಂಟೆಗೂ ಮಿಕ್ಕಿ ಅವರು ಕೇಳುಗರು. ಇನ್ನೊಬ್ಬರು ಚರಣಕ್ಕೆ ಬಂದಾಗ ಮೊಬೈಲಿನಲ್ಲಿ ತಮ್ಮ ಮುಂದಿನ ಹಾಡನ್ನು ಸಣ್ಣಗೆ ಹಾಕಿ ಕೇಳಿಕೊಳ್ಳುವುದು, ಕೊಂಕಣಿಯ ಅಥವಾ ಬ್ಯಾರಿ ಭಾಷೆಯ ಹಾಡು ಬಂದ ಕೂಡಲೇ ‘ಇದು ನಮಗೆ ಅರ್ಥವಾಗದು’ ಎಂಬಂತೆ ಮಾತಿಗೆ ತೊಡಗುವುದು, ಎಲ್ಲಕ್ಕಿಂತ ಮಿಗಿಲಾಗಿ ತನ್ನ ಹಾಡು ಮುಗಿಸಿ ಚಪ್ಪಾಳೆ ಪಡೆದು ‘ಸ್ವಲ್ಪ ಅರ್ಜೆಂಟ್ ಉಂಟು’ ಎಂದು ಎದ್ದು ಹೋಗುವುದು: ಇವು ಒಂದು ಹಾಡು ಹೆಚ್ಚು ಹಾಡುವುದಕ್ಕಿಂತ ದೊಡ್ಡ ಅವಿನಯಗಳು. ವೇಷವಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ಯಕ್ಷಗಾನದ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ತನ್ನ ಅರ್ಥ (ಪಾತ್ರದ ಮಾತು) ಮುಗಿಯಿತೆಂದು ಎದುರಾಳಿಯ ಮಾತಿನ ನಡುವೆ ಎದ್ದು ಹೋಗುವ ಅರ್ಥಧಾರಿಯನ್ನು ನಾವು ಏನೆಂದು ಕರೆದೇವು? ಜಪಾನಿನ ಕೋಬೆ ನಗರದಲ್ಲಿ 1971ರಲ್ಲಿ ಮೊದಮೊದಲ ಕರೋಕೆ ಯಂತ್ರಗಳನ್ನು ಸಿದ್ಧಪಡಿಸಿದವರಲ್ಲಿ ಒಬ್ಬರಾದ ಡೈಸುಕೆ ಇನೊಯೆ ಅವರಿಗೆ 2004ರಲ್ಲಿ ‘ಇಗ್ ನೊಬೆಲ್’ ಎಂಬ ವಿನೋದದ ಶಾಂತಿ ಪ್ರಶಸ್ತಿ ಬಂತು; ಜನರು ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದನ್ನು ಕಲಿಯಲು ಹೊಚ್ಚ ಹೊಸ ದಾರಿಯನ್ನು ಒದಗಿಸಿದ್ದಕ್ಕಾಗಿ ಎಂದು ಅದರ ಕಾರಣವನ್ನು ಕೊಟ್ಟಿದ್ದರು. ತಮಾಷೆಯ ಪ್ರಶಸ್ತಿಯಾದರೂ ಅದನ್ನು ಕೊಟ್ಟವರು ಕೇಳುಗರ ಸಾಲಿನಲ್ಲಿ ಕುಳಿತು ಅನುಭವ ಪಡೆದವರೇ ಇರಬೇಕು.

ಪ್ರಶ್ನೆ: ನಮ್ಮ ಕುಟುಂಬದ ಕೂಟಗಳಲ್ಲಿ ಚಿಕ್ಕಮ್ಮ ತುಂಬ ಆಸೆಯಿಂದ ಹಾಡುತ್ತಾರೆ, ಆದರೆ ಮೇಲಿನ ಸ್ಥಾಯಿಗೆ ಹೋದಾಗ ಸ್ವರ ನಿಲ್ಲುವುದಿಲ್ಲ. ಆಗ ನನ್ನ ಅಣ್ಣ ಇನ್ನೊಂದು ಮೈಕ್ ಹಿಡಿದು ‘ಸಹಾಯ’ಕ್ಕೆಂದು ಜತೆಗೂಡಿ ಹಾಡಲಾರಂಭಿಸುತ್ತಾನೆ. ಚಿಕ್ಕಮ್ಮನ ಮುಖ ಸಣ್ಣದಾಗುವುದು ನನಗೆ ಕಾಣುತ್ತದೆ. ಯಾರದ್ದು ತಪ್ಪು? – ಓದುಗಿ, ಬ್ರಹ್ಮಾವರ

ಉತ್ತರ: ಅಣ್ಣನದ್ದು. ಕರೆಯದೆ ಎರಡನೆಯ ಮೈಕ್ ಎತ್ತುವುದು ಸಹಾಯವಲ್ಲ. ಅದು ಎಲ್ಲರ ಮುಂದೆ ಮಾಡಿದ ತಿದ್ದುಪಡಿ. ಹಾಡುವವರು ತಾವಾಗಿ ಕಣ್ಸನ್ನೆ ಮಾಡಿದರೆ, ಇಲ್ಲವೇ ಎಲ್ಲರೂ ಸೇರಿ ಹಾಡಲು ಕರೆದರೆ ಮಾತು ಬೇರೆ. ಸಾಲು ಮರೆತು ನಿಂತವರಿಗೆ ಕುಳಿತಲ್ಲಿಂದಲೇ, ಮೈಕ್ ಇಲ್ಲದೆ, ಒಂದು ಪದ ಹೇಳಿಕೊಟ್ಟರೆ ಸಾಕಾಗುತ್ತದೆ.

ಚಿಕ್ಕಮ್ಮನ ತೊಂದರೆಗೆ ನಿಜವಾದ ಪರಿಹಾರ ಹಾಡು ಶುರುವಾಗುವ ಮೊದಲೇ ಇದೆ. ಟ್ರ್ಯಾಕುಗಳು ಹೆಚ್ಚಾಗಿ ಮೂಲ ಗಾಯಕರ ಶ್ರುತಿಯಲ್ಲಿಯೇ ಇರುತ್ತವೆ. ಆ ಗಾಯಕರ ಕಂಠದ ಹರಹು ನಮ್ಮಲ್ಲಿ ಎಷ್ಟು ಮಂದಿಗಿದೆ? ಹೆಚ್ಚಿನ ಕರೋಕೆ ಆ್ಯಪ್‌ಗಳಲ್ಲಿ ಹಾಡಿನ ವೇಗವನ್ನು ಬದಲಿಸದೆ ಶ್ರುತಿಯನ್ನು ಮಾತ್ರ ಒಂದೊಂದೇ ಅರ್ಧಸ್ವರದಷ್ಟು ಏರಿಸುವ, ಇಳಿಸುವ ವ್ಯವಸ್ಥೆ ಇರುತ್ತದೆ. ಒಂದು ಸ್ಥಾಯಿಯಲ್ಲಿ ಅಂಥ 12 ಮೆಟ್ಟಿಲುಗಳು. ಎತ್ತರದ ಹಾಡು ಎಟುಕದಿದ್ದರೆ ಎರಡು ಮೂರು ಮೆಟ್ಟಿಲು ಇಳಿಸಿದರೆ ಬಹಳ ಸಲ ಸಾಕು; ಗಂಡಸರು ಹಾಡಿದ್ದನ್ನು ಹೆಂಗಸರು ಹಾಡುವಾಗ, ಅಥವಾ ಹೆಂಗಸರು ಹಾಡಿದ್ದನ್ನು ಗಂಡಸರು ಹಾಡುವಾಗ, ನಾಲ್ಕೈದು ಮೆಟ್ಟಿಲಿನ ಬದಲಾವಣೆ ಬೇಕಾಗುವುದುಂಟು. ಇದನ್ನು ನಾಚಿಕೆ ಎಂದು ತಿಳಿಯುವವರಿದ್ದಾರೆ. ಯಕ್ಷಗಾನದ ಭಾಗವತರು ತಮ್ಮ ಕಂಠಕ್ಕೆ ಹೊಂದುವ ಶ್ರುತಿಯನ್ನೇ ಹಿಡಿಯುವಾಗ ನಾವು ಅದನ್ನು ಕೊರತೆ ಎಂದು ಎಣಿಸುವುದಿಲ್ಲವಲ್ಲ. ಚಿಕ್ಕಮ್ಮನೊಡನೆ ಮೊದಲೇ, ಅಡುಗೆಮನೆಯಲ್ಲೋ ಜಗಲಿಯಲ್ಲೋ, ‘ಚಿಕ್ಕಮ್ಮ, ಶ್ರುತಿ ಒಂದಿಷ್ಟು ಇಳಿಸಿ ನೋಡುವಾ, ನಿಮ್ಮ ಸ್ವರಕ್ಕೆ ಹಾಗೆ ಚಂದ ಕೂರುತ್ತದೆ’ ಎಂದು ನೀವೇ ಹೇಳಿ. ಪಲ್ಲವಿಯನ್ನಲ್ಲ, ಹಾಡಿನ ಅತಿ ಎತ್ತರದ ಸಾಲನ್ನು ಹಾಡಿಸಿ ನೋಡಿ ಶ್ರುತಿಯನ್ನು ಗೊತ್ತುಮಾಡಿ. ಹಾಡು ಮುಗಿದ ಮೇಲೆ ಸುಳ್ಳು ಹೊಗಳಿಕೆಯೂ ಬೇಡ, ಪಾಠವೂ ಬೇಡ; ಚೆನ್ನಾಗಿ ಬಂದ ಒಂದು ಸಾಲನ್ನು ಹೆಸರಿಸಿ ಮೆಚ್ಚಿಕೊಂಡರೆ ಅವರು ಅದನ್ನು ನಂಬುತ್ತಾರೆ.

ಮೈಕ್ ಹಿಡಿಯುವ ಬಗೆಯನ್ನು ಅಣ್ಣನಿಗೂ ಹೇಳಿ. ಜಾಲರಿಯ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ನೋಡುವುದಕ್ಕೆ ದೊಡ್ಡ ಗಾಯಕನಂತೆ ಕಾಣಬಹುದು, ಆದರೆ ಧ್ವನಿ ಮಂಕಾಗುತ್ತದೆ. ಹಿಂದಿನಿಂದ ಬರುವ ಸದ್ದನ್ನು ತಡೆಯುವ ಮೈಕಿನ ಗುಣವೂ ಹೋಗಿ ಅದು ಕಿರುಚಲಾರಂಭಿಸುತ್ತದೆ. ಹಿಡಿಯನ್ನು ಹಿಡಿದು ಬಾಯಿಯಿಂದ ಎರಡು ಮೂರು ಬೆರಳಿನ ದೂರದಲ್ಲಿಟ್ಟು, ಎತ್ತರದ ಸಾಲಿನಲ್ಲಿ ತುಸು ಹಿಂದೆ ಸರಿಸಿದರೆ ಕೇಳುವವರ ಕಿವಿಗೆ ಹಿತ. ಸ್ಪೀಕರಿನ ಮುಂದೆ ಹೋಗಿ ನಿಲ್ಲಬಾರದು. ಸರದಿ ಮುಗಿದ ಮೇಲೆ ಮೈಕನ್ನು ಚಾಲೂ ಇಟ್ಟು ತೋಳು ಬೀಸುತ್ತ ನಡೆಯಬಾರದು. ಪರೀಕ್ಷಿಸಲು ಊದುವುದು, ತಟ್ಟುವುದು ಬೇಡ, ಎರಡು ಮಾತಾಡಿದರೆ ಸಾಕು. ನೆಗಡಿಯಾದವರು ಜಾಲರಿಗೆ ಸ್ಪಂಜಿನ ಹೊದಿಕೆ ಹಾಕಿಕೊಳ್ಳುವುದು, ಇಲ್ಲವೇ ಆ ದಿನ ಕೇಳುಗರಾಗಿರುವುದು ಲೇಸು.

ಪ್ರಶ್ನೆ: ತಂಗಿಯ ಮೆಹಂದಿಯ ರಾತ್ರಿ ಮನೆಯಂಗಳದಲ್ಲಿ ಕರೋಕೆ ಇಟ್ಟಿದ್ದೆವು. ಹತ್ತೂವರೆಗೆ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದರು. ಮದುವೆ ಮನೆಯೆಂದು ಒಂದು ದಿನ ಸಹಿಸಿಕೊಳ್ಳಬಾರದಿತ್ತೇ? – ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಕಾನೂನು ಅವರ ಪರವಾಗಿದೆ. 2000ನೇ ಇಸವಿಯಲ್ಲಿ ಕೇಂದ್ರ ಸರಕಾರ ರೂಪಿಸಿದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬಳಸುವಂತಿಲ್ಲ. ಸಭಾಭವನದಂಥ ಮುಚ್ಚಿದ ಜಾಗದೊಳಗೆ, ಒಳಗಿನವರಿಗಾಗಿ ಮಾತ್ರ, ಅದಕ್ಕೆ ವಿನಾಯಿತಿ ಇದೆ. ಅಂಗಳ ಮುಚ್ಚಿದ ಜಾಗವಲ್ಲ. ಹಗಲಿನಲ್ಲಿಯೂ ಧ್ವನಿವರ್ಧಕಕ್ಕೆ ಅನುಮತಿ ಬೇಕು, ವಸತಿ ಪ್ರದೇಶದ ಶಬ್ದದ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರಿನಲ್ಲಿ ಇನ್ನೂ ಬಿಗಿ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯ ತನಕ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ, ಆದರೆ ನಮ್ಮ ನಮ್ಮ ಮನೆಯ ಮೆಹಂದಿ ಆ ಪಟ್ಟಿಯಲ್ಲಿ ಬರುವುದಿಲ್ಲ. ರಾತ್ರಿಯ ಶಬ್ದದ ಇದೇ ನಿಯಮದ ಕಾರಣದಿಂದ 2022ರಲ್ಲಿ ಕಟೀಲು ಯಕ್ಷಗಾನ ಮೇಳಗಳ ಬೆಳಗಿನ ತನಕದ ಆಟವೇ ಕೆಲಕಾಲ ಕಾಲಮಿತಿಗೆ ಬಂದದ್ದನ್ನು ಕರಾವಳಿಯವರಿಗೆ ನೆನಪಿಸಬೇಕಾಗಿಲ್ಲ.

ಮುಂದಿನ ಸಮಾರಂಭಕ್ಕೆ ಹೀಗೆ ಮಾಡಿ. ಎರಡು ದಿನ ಮೊದಲು ಅಕ್ಕಪಕ್ಕದ ಮನೆಗಳಿಗೆ ನೀವೇ ಹೋಗಿ ಆರಂಭದ ಮತ್ತು ಮುಕ್ತಾಯದ ಹೊತ್ತನ್ನು ತಿಳಿಸಿ, ಊಟಕ್ಕೂ ಕರೆಯಿರಿ. ಮಲಗಿರುವ ಹಿರಿಯರೋ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವ ಮಕ್ಕಳೋ ಇದ್ದರೆ ಆಗ ಗೊತ್ತಾಗುತ್ತದೆ. ಸ್ಪೀಕರನ್ನು ಪಕ್ಕದ ಕಾಂಪೌಂಡಿಗೆ ಬೆನ್ನು ಮಾಡಿ ಮನೆಯ ಕಡೆಗೆ ತಿರುಗಿಸಿಡಿ, ಬೇಸನ್ನು ತಗ್ಗಿಸಿ, ಏಕೆಂದರೆ ಗೋಡೆ ದಾಟಿ ಹೋಗಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಆ ಗುದ್ದುವ ಸದ್ದೇ. ಹತ್ತಕ್ಕೆ ನಿಲ್ಲಿಸಬೇಕಾದರೆ ಕೊನೆಯ ಹಾಡನ್ನು ಒಂಬತ್ತೂಮುಕ್ಕಾಲಕ್ಕೆ ಘೋಷಿಸಬೇಕು. ಆ ಮೇಲೆ ಸ್ಪೀಕರ್ ಇಲ್ಲದೆ ಒಳಗೆ ಕುಳಿತು ಹಾಡಿ. ಮೆಹಂದಿ ಒಣಗುವ ತನಕ ಹೇಗೂ ಯಾರೂ ಮಲಗುವುದಿಲ್ಲ.

ಪ್ರಶ್ನೆ: ಮಣಿಪಾಲದ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ತಂಡದ ಕರೋಕೆ ಕೂಟದಲ್ಲಿ ಬೇಡವೆಂದರೂ ಕೈಗೆ ಮೈಕ್ ತುರುಕಿದರು. ನಾನು ತಡವರಿಸಿದ್ದನ್ನು ಒಬ್ಬರು ವೀಡಿಯೊ ಮಾಡಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರು. ನಾನು ಅತಿಯಾಗಿ ಯೋಚಿಸುತ್ತಿದ್ದೇನೆಯೇ? – ಓದುಗಿ, ಉಡುಪಿ

ಉತ್ತರ: ಇಲ್ಲ. ಒಮ್ಮೆ ಕರೆಯುವುದು ಆತ್ಮೀಯತೆ, ಎರಡನೆಯ ಸಲ ಕರೆಯುವುದು ಉಪಚಾರ, ಅದರ ಮೇಲಿನದ್ದು ಬಲವಂತ. ಹಾಡಲಿಚ್ಛಿಸದವರನ್ನು ಹೊಸ ಸಹೋದ್ಯೋಗಿಗಳ ಮುಂದೆ ನಿಲ್ಲಿಸುವುದಾಗಲಿ, ಅಷ್ಟೇನೂ ಪರಿಚಯವಿಲ್ಲದ ಇಬ್ಬರನ್ನು ಪ್ರೇಮದ ಯುಗಳ ಗೀತೆಗೆ ಜೋಡಿಸಿ ನಗುವುದಾಗಲಿ ವಿನೋದವಲ್ಲ. ಕೇಳದೆ ವೀಡಿಯೊ ಹಂಚಿದ್ದಂತೂ ಸ್ಪಷ್ಟವಾದ ತಪ್ಪು. ಸ್ಟೇಟಸ್ 24 ಗಂಟೆಗಳಲ್ಲಿ ತಾನಾಗಿ ಮರೆಯಾದರೂ ವೀಡಿಯೊ ಅವರ ಫೋನಿನಲ್ಲಿ ಉಳಿದಿರುತ್ತದೆ. ಆದ್ದರಿಂದ ಗುಂಪಿನಲ್ಲಿ ಬರೆಯದೆ ಅವರಿಗೆ ಪ್ರತ್ಯೇಕವಾಗಿ, ‘ಆ ವೀಡಿಯೊ ನನಗೆ ಇಷ್ಟವಾಗಲಿಲ್ಲ, ದಯವಿಟ್ಟು ಅಳಿಸಿಬಿಡಿ’ ಎಂದು ಇಂದೇ ಸಂದೇಶ ಕಳುಹಿಸಿ. ಕಾರಣ ವಿವರಿಸುವ ಅಗತ್ಯವಿಲ್ಲ. ಮುಂದಿನ ಕೂಟದ ಮೊದಲು ನಡೆಸುವವರಿಗೆ ‘ನಾನು ಈ ಸಲ ಕೇಳಲು ಬರುತ್ತೇನೆ, ಪಟ್ಟಿಯಲ್ಲಿ ನನ್ನ ಹೆಸರು ಬೇಡ’ ಎಂದು ತಿಳಿಸಿಟ್ಟರೆ ಆ ಹೊತ್ತಿನ ಒತ್ತಾಯವೂ ತಪ್ಪುತ್ತದೆ. ನಿಮಗೇ ಮನಸ್ಸು ಬಂದರೆ ಎಲ್ಲರೂ ಸೇರಿ ಹಾಡುವ ಹಾಡಿನಲ್ಲಿ, ಮೈಕ್ ಇಲ್ಲದೆ, ದನಿಗೂಡಿಸಿ ಆರಂಭಿಸಬಹುದು.