ಓದುಗರ ಪ್ರಶ್ನೆ: ‘ಸುಮ್ನೆ ಕಣೇ’ ಅಂದುಬಿಟ್ಟೆ, ತಪ್ಪಾಯಿತಾ?

ಪ್ರಶ್ನೆ: ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಸೀರೆ ತೋರಿಸುವ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಕ್ರೈಸ್ತಳು ಅಂತ ಇರುವುದು ನಾನೊಬ್ಬಳೇ. ಭಾನುವಾರ ಸಭೆಯಲ್ಲಿ ‘ಈ ವಾರ ಯಾರಿಗೆ ಸಾಕ್ಷಿ ಹೇಳಿದಿರಿ’ ಅಂತ ಕೇಳುತ್ತಾರೆ, ನಾನು ತಲೆ ತಗ್ಗಿಸಿ ಕೂರುತ್ತೇನೆ. ಬಾಯಿ ಬಿಟ್ಟು ಯೇಸುವಿನ ವಿಷಯ ಹೇಳಲು ನನಗೆ ಬರುವುದಿಲ್ಲ. ಒಳ್ಳೆಯ ರೀತಿ ಬದುಕಿದರೆ ಸಾಕಲ್ವಾ? ಅಸ್ಸಿಸಿಯ ಸಂತ ಫ್ರಾನ್ಸಿಸ್ ಕೂಡ ‘ಸುವಾರ್ತೆ ಸಾರಿ, ಬೇಕಾದರೆ ಮಾತ್ರ ಮಾತು ಬಳಸಿ’ ಎಂದಿದ್ದಾರಂತೆ. ಮೊನ್ನೆ ಒಬ್ಬ ಗಿರಾಕಿ ಆರಿಸಿದ ಸೀರೆಯ ಸೆರಗಿನಲ್ಲಿ ಜರಿ ಎಳೆ ಕಿತ್ತುಬಂದಿತ್ತು. ಮಡಿಕೆಯಲ್ಲಿ ಕಾಣುತ್ತಿರಲಿಲ್ಲ, ನಾನೇ ಬಿಚ್ಚಿ ತೋರಿಸಿದೆ. ಅವರು ಬೇಡ ಅಂತ ಎದ್ದು ಹೋದರು. ಪಕ್ಕದಲ್ಲಿದ್ದ ಹುಡುಗಿ ‘ಯಾಕಕ್ಕಾ ತೋರಿಸಿದ್ರಿ, ಅವ್ರಿಗೆ ಗೊತ್ತೇ ಆಗ್ತಿರಲಿಲ್ಲ’ ಅಂದಳು. ‘ಸುಮ್ನೆ ಕಣೇ’ ಅಂದೆ.
— ಹೆಸರು ಬೇಡ ಎಂದವರು, ದಾವಣಗೆರೆ

ಉತ್ತರ: ಫ್ರಾನ್ಸಿಸ್ ಆಮೇಲೆ ಬರಲಿ, ಮೊದಲು ಆ ಸೀರೆ. ಸೆರಗು ಬಿಚ್ಚಿದಿರಲ್ಲ, ಅಲ್ಲಿಗೆ ಅರ್ಧ ಸಾಕ್ಷಿ ಹೇಳಿಯಾಗಿತ್ತು. ಉಳಿದರ್ಧವನ್ನು ಆ ಹುಡುಗಿ ತಾನಾಗಿ ಕೇಳಿದಳು. ನೀವು ‘ಸುಮ್ನೆ’ ಅಂದಿರಿ.

ಬೈಯುತ್ತಿಲ್ಲ. ಆ ‘ಸುಮ್ನೆ’ ನನಗೂ ಚೆನ್ನಾಗಿ ಗೊತ್ತು. ಸಂಕೋಚ ಒಂದಿಷ್ಟು, ‘ಮತಾಂತರ ಮಾಡ್ತಾಳೆ’ ಅಂದುಕೊಂಡಾರು ಅನ್ನುವ ಭಯ ಒಂದಿಷ್ಟು, ದೊಡ್ಡ ಮಾತಾಡಿ ನಾಳೆ ನಾನೇ ತಪ್ಪು ಮಾಡಿದರೆ ಏನು ಗತಿ ಅನ್ನುವ ಅಳುಕು ಜಾಸ್ತಿ. ಆದರೆ ಅವಳು ನಿಮ್ಮಿಂದ ಪ್ರಸಂಗ ಕೇಳಿರಲಿಲ್ಲ. ‘ನಾನು ಯೇಸುವನ್ನ ನಂಬಿದವಳು ಕಣೇ, ಮುಚ್ಚಿಟ್ಟು ಮಾರೋಕೆ ಮನಸ್ಸು ಒಪ್ಪಲ್ಲ’ ಅಂದು ಸೀರೆ ಮಡಿಸಿ ಇಟ್ಟಿದ್ದರೆ ಸಾಕಿತ್ತು. ಅವಳು ಮತ್ತೆ ಕೇಳಿದರೆ ಇನ್ನೊಂದು ಮಾತು. ಕೇಳದಿದ್ದರೆ ಊಟದ ಡಬ್ಬಿ ಬಿಚ್ಚಿ.

ಬೈಬಲಿನಲ್ಲಿ ಪೇತ್ರನ ಮೊದಲ ಪತ್ರದ ಮೂರನೇ ಅಧ್ಯಾಯ ತೆಗೆದು ನೋಡಿ. ಶುರುವಿನಲ್ಲಿ ಹೆಂಡತಿಯರಿಗೆ ಹೇಳುವಾಗ, ನಂಬದ ಗಂಡಂದಿರು ಮಾತಿಲ್ಲದೆ ಬರೀ ನಡತೆ ನೋಡಿಯೇ ಬದಲಾಗಬಹುದು ಎನ್ನುತ್ತಾನೆ. ಅದೇ ಅಧ್ಯಾಯದ 15ನೇ ವಾಕ್ಯದಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣವೇನು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ಯಾವಾಗಲೂ ಸಿದ್ಧವಾಗಿರಿ, ಆದರೆ ಸಾತ್ವಿಕವಾಗಿ, ಗೌರವದಿಂದ ಹೇಳಿ ಎನ್ನುತ್ತಾನೆ. ಸಭೆಯಲ್ಲಿ ನಿಮ್ಮನ್ನು ಪ್ರಶ್ನೆ ಮಾಡುವವರು ಎರಡನೆಯದನ್ನು ಮಾತ್ರ ಓದಿದ್ದಾರೆ, ಅದರಲ್ಲೂ ‘ಕೇಳಿದರೆ’ ಅನ್ನುವ ಪದ ಹಾರಿಸಿ. ನೀವು ಮೊದಲನೆಯದನ್ನು ಮಾತ್ರ ಓದಿದ್ದೀರಿ.

ಇನ್ನು ಫ್ರಾನ್ಸಿಸ್. ಆ ಮಾತು ಅವರ ಬರಹಗಳಲ್ಲಿ ಎಲ್ಲೂ ಸಿಗುವುದಿಲ್ಲ, ಯಾರೋ ಆಮೇಲೆ ಅವರ ಹೆಸರಿಗೆ ಅಂಟಿಸಿದ್ದು. ಮನುಷ್ಯ ಸುಮ್ಮನಿರುವ ಜಾತಿಯವರೂ ಅಲ್ಲ. ಊರೂರು ನಡೆದು ಬೋಧನೆ ಮಾಡಿದವರು. 1219ರಲ್ಲಿ, ಕ್ರೈಸ್ತರಿಗೂ ಮುಸ್ಲಿಮರಿಗೂ ಧರ್ಮಯುದ್ಧ (ಕ್ರುಸೇಡ್) ನಡೆಯುತ್ತಿರುವಾಗಲೇ, ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್ ಎದುರು ಹೋಗಿ ಮಾತಾಡಿ ಜೀವಸಹಿತ ವಾಪಸ್ ಬಂದರು. ಅವರು ನಿಜವಾಗಿ ಬರೆದದ್ದು ಇದಕ್ಕಿಂತ ಚೆನ್ನಾಗಿದೆ. ಮುಸ್ಲಿಮರ ನಡುವೆ ಬದುಕಲು ಹೋಗುವ ತಮ್ಮ ಸಂನ್ಯಾಸಿ ಸಂಘದ ಸಹೋದರರಿಗೆ, ಸಂಘಕ್ಕಾಗಿ ಬರೆದ 1221ರ ನಿಯಮದಲ್ಲಿ ಎರಡು ದಾರಿ ಹೇಳಿದರು. ಒಂದು, ವಾದ ಜಗಳ ಮಾಡದೆ, ದೇವರಿಗಾಗಿ ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರು ಎಂದು ಒಪ್ಪಿಕೊಳ್ಳುವುದು. ಇನ್ನೊಂದು, ದೇವರಿಗೆ ಇಷ್ಟ ಎಂದು ಕಂಡಾಗ ವಾಕ್ಯ ಸಾರುವುದು. ನೋಡಿ, ಮೊದಲನೇ ದಾರಿಯಲ್ಲೂ ‘ನಾನು ಯಾರು’ ಅಂತ ಒಂದು ಮಾತು ಹೇಳಬೇಕು. ನಿಮ್ಮ ಅಂಗಡಿಯಲ್ಲಿ ಬಾಕಿ ಇರುವುದು ಅದೊಂದೇ. ಆ ಹುಡುಗಿ ನಾಳೆಯೂ ಕೆಲಸಕ್ಕೆ ಬರುತ್ತಾಳಲ್ವಾ?

ಪ್ರಶ್ನೆ: ನಮ್ಮ ಯುವಕರ ಕೂಟದಿಂದ ಸಂಜೆ ಉಚಿತ ಟ್ಯೂಷನ್ ಶುರು ಮಾಡಿದ್ದೇವೆ. ಇಪ್ಪತ್ತು ಮಕ್ಕಳಲ್ಲಿ ಮೂವರು ಮಾತ್ರ ನಮ್ಮ ಸಭೆಯವರು. ಕೊನೆಗೆ ಎಲ್ಲರಿಗೂ ಒಂದು ಹಾಡು, ಒಂದು ಪ್ರಾರ್ಥನೆ ಮಾಡಿಸಿ ಅಂತ ಹಿರಿಯರು ಹೇಳುತ್ತಾರೆ. ಇಲ್ಲದಿದ್ದರೆ ಇದು ಬರೀ ಸಮಾಜಸೇವೆ ಅಂತೆ.
— ಚಳ್ಳಕೆರೆಯ ಓದುಗರು

ಉತ್ತರ: ಬೇಡ. ಅಪ್ಪ ಅಮ್ಮ ಕಳಿಸಿರುವುದು ಲೆಕ್ಕ ಕಲಿಯಲಿ ಅಂತ. ಲೆಕ್ಕ ಕಲಿಸಿ ಮನೆಗೆ ಕಳಿಸಿ. ಬೋರ್ಡಿನ ಮೇಲೆ ಸಭೆಯ ಹೆಸರು ದೊಡ್ಡದಾಗಿ ಇರಲಿ, ಅದರಲ್ಲಿ ಮುಚ್ಚುಮರೆ ಬೇಡ. ಪ್ರಾರ್ಥನೆ ಬೇಕಾದರೆ ಮಕ್ಕಳು ಬರುವ ಮೊದಲು ನೀವು ನಾಲ್ಕು ಜನ ಸೇರಿ ಮಾಡಿ.

ಇಷ್ಟು ಕಡ್ಡಿ ಮುರಿದಂತೆ ಹೇಳಲು ಕಾರಣ, ಈ ತಪ್ಪು ನಾನೇ ಮಾಡಿದ್ದೇನೆ. 2020ರ ಲಾಕ್‌ಡೌನ್. ನಾವು ಕೆಲವರು ಸೇರಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ರೇಷನ್ ಹಂಚಲು ಹೋಗಿದ್ದೆವು. ಭಟ್ಟಿ ಆರಿ ಹೋಗಿ, ದಿನಗೂಲಿಯವರೆಲ್ಲ ಮನೆಯಲ್ಲಿ ಕೂತಿದ್ದರು. ಐದು ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ, ಎಣ್ಣೆ ಪ್ಯಾಕೆಟ್, ಸೋಪು. ಮೇಲೊಂದು ಕರಪತ್ರ ಸಿಕ್ಕಿಸಿದ್ದು ನನ್ನದೇ ಐಡಿಯಾ. ಒಬ್ಬ ಅಜ್ಜಿ ಚೀಲ ತಗೊಂಡರು, ಕರಪತ್ರ ಎಳೆದು ನೋಡಿದರು, ಓದಲು ಬರುತ್ತಿರಲಿಲ್ಲ ಅನ್ನಿಸುತ್ತೆ, ಆದರೆ ಮೇಲಿದ್ದ ಶಿಲುಬೆ ಗುರುತು ಹತ್ತಿತು. ‘ಅಕ್ಕಿ ತಗೊಂಡ್ರೆ ಇದನ್ನೂ ತಗೋಬೇಕೇನಪ್ಪಾ?’ ಅಂದರು. ಸಿಟ್ಟಿನಿಂದಲ್ಲ. ನಿಜವಾಗಿ ಕೇಳಿದ್ದು. ಕರಾರು ಏನು ಅಂತ ತಿಳಿದುಕೊಂಡು, ಆಮೇಲೆ ಚೀಲ ಒಳಗಿಡೋಣ ಅಂತ. ನಾನು ‘ಇಲ್ಲಜ್ಜಿ, ಬೇಡ’ ಅಂತ ಕಿತ್ತುಕೊಂಡೆ. ಉಳಿದ ಚೀಲಗಳಿಂದ ರಸ್ತೆ ಬದಿಯಲ್ಲೇ ನಿಂತು ಎಲ್ಲಾ ತೆಗೆದೆವು. ಮೂರು ಮನೆ ದಾಟುವಷ್ಟರಲ್ಲಿ ಒಬ್ಬ ಹುಡುಗ ‘ನೀವು ಯಾವ ಪಾರ್ಟಿಯವ್ರು’ ಅಂದ. ‘ಪಾರ್ಟಿ ಅಲ್ಲಪ್ಪ, ಚರ್ಚಿನವರು’ ಅಂದೆ. ಅವತ್ತು ನಾನು ಹೇಳಬೇಕಾದ ಮಾತು ಅಷ್ಟೇ ಇತ್ತು.

ಕಾನೂನಿನ ಕಡೆಯಿಂದಲೂ ಒಂದು ಮಾತು. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಹಿರಿಯರು ಬಿಡದೆ ಒತ್ತಾಯ ಮಾಡಿದರೆ ಇದನ್ನೂ ಹೇಳಿ. ಆದರೆ ನನ್ನ ಕೇಳಿದರೆ ಕೋರ್ಟಿಗಿಂತ ಆ ಅಜ್ಜಿಯ ಪ್ರಶ್ನೆಯೇ ಗಟ್ಟಿ. ‘ಬರೀ ಸಮಾಜಸೇವೆ’ ಅನ್ನುವ ಮಾತಿಗೆ ಯಾಕೋಬನ ಪತ್ರದ ಎರಡನೇ ಅಧ್ಯಾಯ ತೋರಿಸಿ. ಬಟ್ಟೆ, ಊಟ ಇಲ್ಲದವನಿಗೆ ‘ಹೋಗಿ ಬಾ, ಬೆಚ್ಚಗಿರು, ಹೊಟ್ಟೆ ತುಂಬಾ ಉಣ್ಣು’ ಅಂತ ಬಾಯಲ್ಲಿ ಹೇಳಿ ಕೈಯಲ್ಲಿ ಏನೂ ಕೊಡದವನ ನಂಬಿಕೆ ಸತ್ತದ್ದು ಅಂತ ಅಲ್ಲಿದೆ. ಕೊಟ್ಟು ರಸೀದಿ ಬರೆಸಿಕೊಳ್ಳಿ ಅಂತ ಎಲ್ಲೂ ಇಲ್ಲ.

ಪ್ರಶ್ನೆ: ನಾವು ಹಿಂದೂಗಳು. ಸೆಪ್ಟೆಂಬರ್ 8ಕ್ಕೆ ಪ್ರತಿವರ್ಷ ಆರೋಗ್ಯ ಮಾತೆ ಹಬ್ಬಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತೇವೆ. ಆದರೆ ಪಕ್ಕದ ಮನೆಯ ಕ್ರೈಸ್ತ ಅಣ್ಣ ಸಿಕ್ಕಾಗಲೆಲ್ಲ ತಮ್ಮ ಪ್ರಾರ್ಥನಾ ಕೂಟಕ್ಕೆ ಕರೆಯುತ್ತಾರೆ. ಒಳ್ಳೆಯವರು, ನಮ್ಮ ಅಪ್ಪನನ್ನು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಬೇಡ ಅನ್ನೋದು ಹೇಗೆ?
— ಹರಿಹರದ ಓದುಗರು

ಉತ್ತರ: ‘ಅಣ್ಣಾ, ನಿಮ್ಮ ದೇವರ ಬಗ್ಗೆ ನನಗೆ ಗೌರವ ಇದೆ, ಕೂಟಕ್ಕೆ ಮಾತ್ರ ಬರಲ್ಲ, ಇನ್ಮೇಲೆ ಕರೀಬೇಡಿ’ ಅಂತ ನಗುತ್ತಲೇ ಒಂದು ಸಲ ಹೇಳಿ. ಗೇಟಿನ ಹತ್ತಿರ ಅಲ್ಲ, ಮನೆಯೊಳಗೆ ಕೂರಿಸಿ ಕಾಫಿ ಕೊಟ್ಟು ಹೇಳಿ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದಕ್ಕೂ ಇದಕ್ಕೂ ಗಂಟು ಹಾಕಿ ನೀವು ಮುಜುಗರ ಪಡಬೇಡಿ, ಅವರೂ ಹಾಕಿರಲಿಕ್ಕಿಲ್ಲ. ಆ ರಾತ್ರಿ ಯಾಕೆ ಎದ್ದು ಬಂದರು ಅಂತ ತಿಳಿಯುವ ಕುತೂಹಲ ನಿಮಗಿದ್ದರೆ ಅದನ್ನೂ ಅವತ್ತೇ ಕೇಳಿಬಿಡಿ. ಉತ್ತರ ಪೂರ್ತಿ ಕೇಳಿಸಿಕೊಳ್ಳಿ, ಕೂಟಕ್ಕೆ ಹೋಗಲೇಬೇಕು ಅಂತೇನಿಲ್ಲ. ಕ್ರಿಸ್‌ಮಸ್‌ಗೆ ಕೇಕು, ಚಕ್ಕುಲಿ ತಂದುಕೊಟ್ಟರೆ ತಟ್ಟೆ ಖಾಲಿ ವಾಪಸ್ ಕಳಿಸಬೇಡಿ.